ಗ್ರಾಜುಯೇಷನ್ ಡೇಗೆ ಮನೆಯವರು ಏನು ಹಾಕ್ಕೊಳ್ಳೋದು? ಕೊಡಗಿನ ಮಳೆ, ಚಳಿ, ಏರು ಎಲ್ಲಾ ನೋಡಿ ಬರೆದಿದ್ದು

ಮಗಳದ್ದೋ ಮಗಂದೋ ಗ್ರಾಜುಯೇಷನ್ ಇದೆ ಅಂತ ಗೊತ್ತಾದ ದಿನದಿಂದ ಮನೇಲಿ ಒಂದೇ ಮಾತು, ಯಾರು ಏನು ಉಡೋದು ಅಂತ. ಮದುವೆಗೆ, ನಾಮಕರಣಕ್ಕೆ ಏನು ಉಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಇದಕ್ಕೆ ಮಾತ್ರ ನಮ್ಮಲ್ಲಿ ಇನ್ನೂ ಒಂದು ರೂಢಿ ಅಂತ ಆಗಿಲ್ಲ. ನನ್ನ ಲೆಕ್ಕ ಇಷ್ಟೇ: ಮೂರು ಗಂಟೆ ಆರಾಮಾಗಿ ಕೂರೋಕೆ ಆಗ್ಬೇಕು, ಮಳೆ ಬಂದ್ರೂ ಪರದಾಡಬಾರದು, ಗೌನ್ ಹಾಕಿರೋ ಮಗು ಪಕ್ಕ ನಿಂತು ಫೋಟೋ ತೆಗೆಸ್ಕೊಂಡಾಗ ನೋಡೋರ ಕಣ್ಣು ಮೊದಲು ಮಗು ಮೇಲೆ ಹೋಗ್ಬೇಕು. ಆ ದಿನ ಅವರದ್ದು.

ಬೀರು ತೆಗೆಯೋಕೆ ಮುಂಚೆ ಮಗುನ ಕೇಳಿ. ಕಾಲೇಜಿನವರೇ ಮಾಡೋ ಫಂಕ್ಷನ್ನಾ, ಇಲ್ಲ ಯೂನಿವರ್ಸಿಟಿ ಘಟಿಕೋತ್ಸವನಾ? ಕಾಲೇಜ್ ಹಾಲಲ್ಲಾದ್ರೆ ಸಲೀಸು. ಘಟಿಕೋತ್ಸವಕ್ಕೆ ಕುಲಾಧಿಪತಿಗಳಾದ ರಾಜ್ಯಪಾಲರು ಬರೋದುಂಟು, ಆಗ ಗೇಟಲ್ಲಿ ಪೊಲೀಸ್ ಚೆಕಿಂಗ್ ಇರುತ್ತೆ, ದೊಡ್ಡ ಬ್ಯಾಗು ಛತ್ರಿ ಎಲ್ಲಾ ಹೊರಗೇ ಬಿಡಿಸಬಹುದು. ಪಾಸ್ ಎಷ್ಟು ಜನಕ್ಕೆ ಅಂತಾನೂ ಮೊದಲೇ ಕೇಳ್ಕೊಳ್ಳಿ, ಹೊಸ ಸೀರೆ ಉಟ್ಕೊಂಡು ಬಂದ ಚಿಕ್ಕಮ್ಮನ್ನ ಗೇಟ್ ಹೊರಗೆ ನಿಲ್ಲಿಸೋ ಹಾಗಾಗಬಾರದು.

ಇನ್ನೊಂದು, ಗೌನ್ ಯಾವ ಬಣ್ಣ ಅಂತ ಕೇಳಿ. ಎಲ್ಲಾ ಕಡೆ ಕರಿ ಗೌನೇ ಇರುತ್ತೆ ಅಂದ್ಕೋಬೇಡಿ. ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆ ಬಳಸಿ ಅಂತ ಯುಜಿಸಿ (ಯೂನಿವರ್ಸಿಟಿಗಳ ಅನುದಾನ ಆಯೋಗ) 2019ರಲ್ಲಿ ಯೂನಿವರ್ಸಿಟಿಗಳಿಗೆ ಹೇಳಿತ್ತು, 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಕೂಡ ತನ್ನ ಕೆಳಗಿರೋ ಮೆಡಿಕಲ್ ಸಂಸ್ಥೆಗಳಿಗೆ ಕರಿ ಗೌನು ಟೋಪಿ ಬಿಟ್ಟು ಆಯಾ ರಾಜ್ಯದ ಉಡುಪಿಗೆ ಹೋಗಿ ಅಂತು. ಹಾಗಾಗಿ ಕೆಲವು ಕಡೆ ಶಾಲು, ಕೆಲವು ಕಡೆ ಬಿಳಿ ಸೀರೆ. ಕರಿ ಗೌನಾದ್ರೆ ಅಮ್ಮ ಕರಿ ಸೀರೆ ಉಡಬೇಡಿ, ಫೋಟೋದಲ್ಲಿ ಇಬ್ಬರೂ ಒಂದೇ ಮುದ್ದೆ ಆಗಿ ಕಾಣ್ತೀರ. ಸಾಸಿವೆ ಹಳದಿ, ಎಲೆ ಹಸಿರು, ಮರೂನ್ ಇವೆಲ್ಲ ಚೆನ್ನಾಗಿ ಬರುತ್ತೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಫಂಕ್ಷನ್ ಇದ್ರೆ ಬಟ್ಟೆ ತಯಾರಿ ಹಿಂದಿನ ರಾತ್ರಿ ಶುರು ಮಾಡಿದ್ರೆ ಆಗಲ್ಲ, ಒಂದು ವಾರ ಮುಂಚೆನೇ ಬೀರುವಿನಿಂದ ತೆಗೀರಿ. ತಿಂಗಳುಗಟ್ಟಲೆ ಮುಚ್ಚಿಟ್ಟ ರೇಷ್ಮೆ ಸೀರೆ ಮಡಿಕೆ ಬಿಡಿಸಿ ನೋಡಿ, ಮಡಿಕೆ ಗೆರೆ ಮೇಲೇ ಬಿಳಿ ಬಿಳಿ ಬೂಷ್ಟು ಕೂತಿರುತ್ತೆ, ಕೋಟಿನ ಕಾಲರ್ ಅಡಿಗೆ, ಬೆಲ್ಟಿಗೆ, ಲೆದರ್ ಶೂಗೆ ಇನ್ನೂ ಜಾಸ್ತಿ. ಒಣ ಬಟ್ಟೇಲಿ ಮೆಲ್ಲಗೆ ಒರೆಸಿ ಫ್ಯಾನ್ ಕೆಳಗೆ ಹರವಿ, ಬಿಸಿಲು ಬಂತು ಅಂದ್ರೆ ನೆರಳಲ್ಲಿ ಗಾಳಿಗೆ ಹಾಕಿ. ಒಲೆ ಮೇಲೆ ಕಟ್ಟಿರೋ ಹಗ್ಗಕ್ಕೆ ಮಾತ್ರ ಹಾಕಬೇಡಿ, ಬೇಗ ಒಣಗುತ್ತೆ ನಿಜ ಆದ್ರೆ ಆ ಹೊಗೆ ವಾಸನೆ ತುಂಬಿದ ಹಾಲಲ್ಲಿ ಕೂತಾಗ ಗೊತ್ತಾಗುತ್ತೆ. ಇಸ್ತ್ರಿನೂ ಅಷ್ಟೇ, ಕರೆಂಟ್ ಇದ್ದಾಗ್ಲೇ ಮುಗಿಸಿ, ಮರ ಬಿದ್ದು ಲೈನ್ ಹೋದ್ರೆ ನಮ್ಮ ಕಡೆ ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ.

ಮಳೆಗಾಲದಲ್ಲಿ ಜರಿ ತುಂಬಿದ ಭಾರದ ರೇಷ್ಮೆ ಬೇಡ ಅಂತ ನಾನು ಹೇಳ್ತೀನಿ. ಅಂಚು ಒದ್ದೆ ಆದ್ರೆ ಆ ಸೀರೆ ಕತೆ ಮುಗೀತು, ಮನಸ್ಸೆಲ್ಲಾ ಅಂಚಿನ ಮೇಲೇ ಇರುತ್ತೆ, ಸ್ಟೇಜಲ್ಲಿ ಮಗು ಹೆಸರು ಕರೆದಾಗ ನೀವು ಕೆಳಗೆ ಬಗ್ಗಿ ಸೀರೆ ಎತ್ತಿ ಹಿಡ್ಕೊಂಡಿರ್ತೀರ. ಕ್ರೇಪು, ಜಾರ್ಜೆಟ್ಟು, ತೆಳು ಸಿಲ್ಕ್ ಕಾಟನ್ ಸಾಕು, ಚಂದವೂ ಕಾಣುತ್ತೆ.

ಕೊಡವ ಸೀರೆ ಉಡೋರಿಗೆ ಒಂದು ಅನುಕೂಲ ಇದೆ, ನೆರಿಗೆ ಹಿಂದೆ ಇರೋದ್ರಿಂದ ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಕ್ಕಲ್ಲ, ಸೆರಗು ಬಲ ಹೆಗಲಿಗೆ ಭದ್ರವಾಗಿ ನಿಲ್ಲುತ್ತೆ, ಉದ್ದ ತೋಳಿನ ರವಿಕೆ ಚಳಿಗೂ ಆಗುತ್ತೆ. ಆದ್ರೆ ಕುರ್ಚೀಲಿ ಮೂರು ಗಂಟೆ ಕೂತರೆ ಹಿಂದಿನ ನೆರಿಗೆ ಎಲ್ಲಾ ಮುದುರುತ್ತೆ, ಗಂಜಿ ಹಾಕಿದ ಕಾಟನ್ ಅಂತೂ ಎದ್ದಾಗ ನೋಡೋಕಾಗಲ್ಲ, ಅದಕ್ಕೆ ಸುಕ್ಕು ಹಿಡಿಯದ ಬಟ್ಟೆ ಆರಿಸ್ಕೊಳ್ಳಿ. ಜೋಮಾಲೆ, ಪತ್ತಾಕ್, ಕೊಕ್ಕೆತಾತಿ ಅಂತ ಕುತ್ತಿಗೆ ಒಡವೆ ಮೂರನ್ನೂ ಒಟ್ಟಿಗೆ ಹಾಕೋದು ಮದುವೆಗೆ ಇರ್ಲಿ, ಇಲ್ಲಿಗೆ ಒಂದು ಸಾಕು.

ಗಂಡಸರಿಗೆ ಶರ್ಟು ಪ್ಯಾಂಟು, ಚಳಿ ಇದ್ರೆ ಒಂದು ಬ್ಲೇಜರ್. ಆರ್ಮಿಯಿಂದ ರಿಟೈರ್ ಆದ ಅಜ್ಜಂದಿರು ರೆಜಿಮೆಂಟ್ ಬ್ಲೇಜರ್ ಟೈ ಹಾಕ್ಕೊಂಡು ಬಂದ್ರೆ ಮೊಮ್ಮಕ್ಕಳಿಗೆ ಅದಕ್ಕಿಂತ ಹೆಮ್ಮೆ ಇಲ್ಲ, ದಯವಿಟ್ಟು ಹಾಕ್ಕೊಂಡು ಬನ್ನಿ. ಕುಪ್ಯ ಚೇಲೆ, ಅಂದ್ರೆ ಕೊಡವರ ಉದ್ದ ಕೋಟು ಸೊಂಟಪಟ್ಟಿ, ಹಾಕಬಹುದಾ ಅಂತ ಕೇಳೋರೂ ಇದ್ದಾರೆ, ಖಂಡಿತ ಹಾಕಬಹುದು, ಕರಿ ಕುಪ್ಯನೇ ಹಾಕಿ, ಬಿಳಿದು ಮದುವೆ ಗಂಡಿಗೆ. ಕರಿ ಗೌನ್ ಪಕ್ಕ ಕರಿ ಕುಪ್ಯ ಆದ್ರೂ ಸೊಂಟದ ಕೆಂಪು ಚೇಲೆ ಇರೋದ್ರಿಂದ ಫೋಟೋ ತುಂಬಾ ಚೆನ್ನಾಗಿ ಬರುತ್ತೆ. ಸೊಂಟಕ್ಕೆ ಸಿಕ್ಕಿಸೋ ಸಣ್ಣ ಕತ್ತಿ ಪೀಚೆಕತ್ತಿ ವಿಷಯಕ್ಕೆ ಮಾತ್ರ ಕಾಲೇಜಿಗೆ ಮುಂಚೆನೇ ಫೋನ್ ಮಾಡಿ ಕೇಳಿ, ಚೆಕಿಂಗ್ ಇರೋ ಕಡೆ ಒಳಗೆ ಬಿಡದೆ ಇರಬಹುದು, ಬಾಗಿಲಲ್ಲಿ ವಾದ ಮಾಡೋ ದಿನ ಅಲ್ಲ ಅದು.

ಚಪ್ಪಲಿ ಬಗ್ಗೆ ಜನ ಯೋಚನೆನೇ ಮಾಡಲ್ಲ. ಮಡಿಕೇರಿಲಿ ಗಾಡಿ ನಿಲ್ಲಿಸಿದ ಕಡೆಯಿಂದ ಹಾಲ್ ತನಕ ಒಂದೋ ಏರು ಇಲ್ಲ ಇಳಿಜಾರು, ಪೆನ್ಸಿಲ್ ಹೀಲ್ಸ್ ಕೆಂಪು ಮಣ್ಣಲ್ಲಿ ಹೂತು ಹೋಗುತ್ತೆ, ಹವಾಯಿ ಚಪ್ಪಲಿ ಹಾಕಿದ್ರೆ ಪ್ಯಾಂಟ್ ಹಿಂಭಾಗ ಮೊಣಕಾಲ ತನಕ ಕೆಸರಿನ ಚುಕ್ಕೆ. ಮನೆಯಿಂದ ಹಿಂದೆ ಪಟ್ಟಿ ಇರೋ ರಬ್ಬರ್ ಚಪ್ಪಲಿಲಿ ಹೊರಟು ಅಲ್ಲಿ ಗಾಡೀಲೇ ಬದಲಾಯಿಸ್ಕೊಳ್ಳಿ. ತೋಟದ ದಾರೀಲಿ ನಡ್ಕೊಂಡು ರೋಡಿಗೆ ಬರೋರು ಜಿಗಣೆ ಹತ್ತಿದ್ಯಾ ಅಂತ ಕಾಲು ಒಂದ್ಸಲ ನೋಡ್ಕೊಳ್ಳಿ, ಬಿಳಿ ಸಾಕ್ಸ್ ಮೇಲೆ ರಕ್ತ ಆದ್ರೆ ಬೇಗ ಹೋಗಲ್ಲ.

ಎಲ್ಲಿ ಫಂಕ್ಷನ್ ಅನ್ನೋದರ ಮೇಲೂ ಬಟ್ಟೆ ಬದಲಾಗುತ್ತೆ. ಮಡಿಕೇರಿಗೆ ಸ್ವೆಟರ್ ಇಲ್ಲ ಶಾಲು ಬೇಕೇ ಬೇಕು, ಕುಶಾಲನಗರ ತಗ್ಗಲ್ಲಿದೆ, ಮಳೆನೂ ಕಮ್ಮಿ, ಅಲ್ಲಿ ಅಷ್ಟು ಚಳಿ ಇರಲ್ಲ. ಮಂಗಳೂರು ಕಡೆ ಇಳಿಯೋರು ಘಾಟಿ ಕೆಳಗಿನ ಸಂಪಾಜೆ ದಾಟಿದ ಮೇಲೆ ಬೆವರೋಕೆ ಶುರು, ಮಂಗಳೂರು ಯೂನಿವರ್ಸಿಟಿ ಇರೋ ಕೊಣಾಜೆಗೆ ಹೋಗೋರು ಹಗುರ ಕಾಟನ್ ಉಡಿ, ಆದಷ್ಟೂ ದಾರಿಗೆ ಬೇರೆ ಬಟ್ಟೆ ಹಾಕ್ಕೊಂಡು ಹೋಗಿ ಅಲ್ಲಿ ಬದಲಾಯಿಸಿ. ಘಾಟಿ ತಿರುವಲ್ಲಿ ಮಕ್ಕಳು ವಾಂತಿ ಮಾಡ್ಕೊಂಡ್ರೆ ಉಟ್ಟ ಬಟ್ಟೆಗೇ ಆಗೋದು.

ತಮ್ಮ ತಂಗಿ, ಕಸಿನ್ಸು, ಫ್ರೆಂಡ್ಸಿಗೆ ಚೂಡಿದಾರ್, ಕುರ್ತಿ, ಕಾಲರ್ ಇರೋ ಶರ್ಟ್ ಸಾಕು. ಚಡ್ಡಿ, ಬರಹ ಇರೋ ಟೀಶರ್ಟ್ ಬೇಡ.

ಈಗ ನನಗೆ ತುಂಬಾ ಮುಖ್ಯ ಅನ್ಸೋದು. ತೋಟದ ಲೈನ್ ಮನೇಲಿದ್ದು ಕೂಲಿ ಮಾಡಿ ಮಕ್ಕಳನ್ನ ಡಿಗ್ರಿ ಓದಿಸಿದ ಅಪ್ಪ ಅಮ್ಮಂದಿರು ಎಷ್ಟೋ ಜನ ಹಾಕ್ಕೊಳ್ಳೋಕೆ ಒಳ್ಳೆ ಬಟ್ಟೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಹೋಗೋದೇ ಇಲ್ಲ, ಮಗು ಎಷ್ಟು ಕರೆದ್ರೂ ನೀನು ಹೋಗಿ ಬಾ ಅಂತಾರೆ. ದಯವಿಟ್ಟು ಹೋಗಿ. ಒಗೆದು ಇಸ್ತ್ರಿ ಮಾಡಿದ ಹಳೇ ಸೀರೆ, ಗುಂಡಿ ಎಲ್ಲಾ ಇರೋ ಶರ್ಟು, ಬಿಳಿ ಪಂಚೆ, ಎಣ್ಣೆ ಹಾಕಿ ಬಾಚಿದ ತಲೆ, ಇಷ್ಟರಲ್ಲಿ ಯಾವ ಕೊರತೆನೂ ಇಲ್ಲ. ಸಾಲ ಮಾಡಿ ಹೊಸದು ತಗೋಬೇಡಿ, ಆ ದುಡ್ಡು ಮುಂದಿನ ಕೋರ್ಸಿನ ಫೀಸಿಗೆ ಬೇಕಾಗುತ್ತೆ. ಮಕ್ಕಳಿಗೂ ಹೇಳ್ತೀನಿ, ಅವ್ವ ಅಪ್ಪನ ಬಟ್ಟೆ ನೀವೇ ಹಿಂದಿನ ದಿನ ಇಸ್ತ್ರಿ ಮಾಡಿಡಿ, ಹಾಲಲ್ಲಿ ಎಲ್ಲಿ ಕೂರಬೇಕು ಅಂತ ಕೈ ಹಿಡ್ಕೊಂಡು ತೋರಿಸಿ.

ಅಜ್ಜಿಯಂದಿರಿಗೆ ಸೀರೆ ಮೇಲೆ ಉಣ್ಣೆ ಶಾಲು, ಜಾರದ ಚಪ್ಪಲಿ, ಪದೇ ಪದೇ ಬಾತ್ರೂಮಿಗೆ ಹೋಗೋರಾದ್ರೆ ಸುಲಭವಾಗಿ ಸಂಭಾಳಿಸೋ ಸೀರೆ. ಹೊರಡೋ ಮುಂಚೆ ಒಂದು ಸಣ್ಣ ಚೀಲದಲ್ಲಿ ಸೇಫ್ಟಿ ಪಿನ್ನು, ಒಂದು ಟವಲ್ಲು, ಒಂದು ಜೊತೆ ಒಣ ಸಾಕ್ಸು, ಒದ್ದೆ ಛತ್ರಿ ಹಾಕೋಕೆ ಪ್ಲಾಸ್ಟಿಕ್ ಕವರ್ ಹಾಕ್ಕೊಳ್ಳಿ, ಫೋಟೋನ ಫಂಕ್ಷನ್ ಮುಗಿಯೋ ತನಕ ಕಾಯದೆ ಹೋದ ತಕ್ಷಣ ಬಟ್ಟೆ ಗರಿಗರಿ ಇರುವಾಗ್ಲೇ ತೆಗೆಸ್ಕೊಂಡು ಬಿಡಿ, ಯಾಕಂದ್ರೆ ಮುಗಿದ ಮೇಲೆ ಗೌನ್ ವಾಪಸ್ ಕೊಡೋ ಕ್ಯೂ ಶುರುವಾಗುತ್ತೆ.