ದಿಬ್ಬ ಹತ್ತಿ ಇಳಿದ ಅಬ್ಬಿ ನೀರು: ನನ್ನ ಅನುಭವ

ಪೈಪ್ ಹಾಕಿ ಎರಡು ಬೇಸಿಗೆ ಕಳೆಯಿತು. ಕರೆಂಟಿಲ್ಲ, ಪಂಪಿಲ್ಲ, ಡೀಸೆಲ್ ಇಲ್ಲ. ದಿಬ್ಬದ ಆಚೆ ಇರುವ ಅಬ್ಬಿಯ, ಅಂದರೆ ಗುಡ್ಡದಿಂದ ಇಳಿಯುವ ಸಣ್ಣ ತೊರೆಯ ನೀರು ದಿಬ್ಬ ಹತ್ತಿ, ಇಳಿದು, ನಮ್ಮ ಅಂಗಳದ ಟ್ಯಾಂಕಿಗೆ ಹಗಲು ರಾತ್ರಿ ಬೀಳುತ್ತಿದೆ. "ನೀರು ಗುಡ್ಡ ಹತ್ತುತ್ತೇನೋ ಮಾರಾಯ? ದುಡ್ಡು ದಂಡ" ಅಂದಿದ್ದ ಭಾವನೇ ಈಗ ತಮ್ಮ ತೋಟಕ್ಕೂ ಹಾಕಿಕೊಡು ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇದಕ್ಕೆ ಸೈಫನ್ ಅನ್ನುತ್ತಾರೆ: ಪೈಪ್ ತುಂಬಾ ನೀರಿದ್ದು, ಬೀಳುವ ತುದಿ ಅಬ್ಬಿಯ ಮಟ್ಟಕ್ಕಿಂತ ಕೆಳಗಿದ್ದರೆ, ನೀರು ಮಧ್ಯದ ದಿಬ್ಬ ದಾಟಿ ತಾನಾಗಿಯೇ ಹರಿಯುತ್ತೆ. ಅದಕ್ಕಿಂತ ಹೆಚ್ಚು ವಿವರಿಸಲು ಹೋಗಲ್ಲ. ಎಲ್ಲಿ ಕೈ ಕೊಡುತ್ತೆ ಅನ್ನೋದಷ್ಟೇ ಹೇಳುತ್ತೇನೆ.

ನಮ್ಮದು ಹೊಸನಗರದ ಕಡೆ. ಮಳೆಗಾಲದಲ್ಲಿ ಬೇಡ ಅಂದರೂ ನೀರು. ಮಾರ್ಚ್ ಬಂತೆಂದರೆ ಬಾವಿಯ ತಳ ಕಾಣುತ್ತೆ. ಅಪ್ಪಯ್ಯನ ಕಾಲದಲ್ಲಿ ಅಡಿಕೆ ದಂಬೆಯಲ್ಲಿ ನೀರು ತರುತ್ತಿದ್ದರು. ಮರ ಸೀಳಿ, ತಿರುಳು ಕೆತ್ತಿ, ಒಂದರ ತುದಿಯನ್ನು ಇನ್ನೊಂದರ ಬಾಯಿಗೆ ಕೂರಿಸಿ, ಕೆಳಗೆ ಕವೆಗೋಲು ಕೊಟ್ಟು ಸಾಲಾಗಿ ತರೋದು. ಎರಡು ಮೂರು ಮಳೆಗೆ ಲಡ್ಡಾಗುತ್ತಿತ್ತು, ನಿಜ. ಆದರೆ ದಂಬೆಯಲ್ಲಿ ನೀರು ಕಣ್ಣಿಗೆ ಕಾಣುತ್ತೆ. ಎಲ್ಲಿ ನಿಂತಿತು, ಎಲ್ಲಿ ಸೋರಿತು, ನೋಡಿದರೆ ಸಾಕು. ಪೈಪಿನಲ್ಲಿ ಹಾಗಲ್ಲ. ಒಳಗೆ ಏನಾಗಿದೆ ಅಂತ ಹೊರಗಿನಿಂದ ಊಹೆ ಮಾಡಬೇಕು. ನನ್ನ ದುಡ್ಡೆಲ್ಲ ಹೋಗಿದ್ದು ಆ ಊಹೆ ತಪ್ಪಿದ್ದಕ್ಕೇ.

ಮೊದಲನೇ ಸಲ ಹಾಕಿದ್ದು 2017ರ ಸುಮಾರಿಗೆ. ದಿಬ್ಬ ಬೇಡ ಅಂತ ಗುಡ್ಡದ ಸೊಂಟಕ್ಕೆ ಸುತ್ತು ಹಾಕಿ, ಮುಕ್ಕಾಲು ಇಂಚಿನ ಕರಿ ಪೈಪ್ 900 ಮೀಟರ್ ಎಳೆದೆವು. ಹತ್ತೊಂಬತ್ತೋ ಇಪ್ಪತ್ತೋ ಸಾವಿರ ಆಯಿತು. ಹನ್ನೊಂದು ದಿನ ನೀರು ಬಂತು, ಆಮೇಲೆ ನಿಂತಿತು. ಸುತ್ತು ದಾರಿಯಲ್ಲಿ ಪೈಪ್ ಕಲ್ಲು ಹತ್ತಿ, ಬೇರು ದಾಟಿ, ಹಳ್ಳ ಇಳಿದು ಹೋಗಿತ್ತು. ಒಂದೊಂದು ಉಬ್ಬಿನಲ್ಲೂ ಗಾಳಿ ಹಿಡಿಯಿತು. ಎಲ್ಲರೂ ಮಾಡುವ ಹಾಗೆ ನಾನೂ ಉಬ್ಬಿದ್ದಲ್ಲಿ ಸೂಜಿ ಚುಚ್ಚಿ ಗಾಳಿ ಬಿಟ್ಟು, ಮುಳ್ಳು ಸಿಗಿಸಿದೆ. ಹದಿನಾಲ್ಕು ಕಡೆ ಚುಚ್ಚಿದೆ. ಎರಡು ದಿನ ಬರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಕಡೆಗೆ ಮಾರ್ಚ್‌ನಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದು ನೂರೈವತ್ತು ಮೀಟರ್ ಪೈಪ್ ಕರಗಿ ಹೋಯಿತು. ಉಳಿದಿದ್ದನ್ನು ಸುತ್ತಿ ಅಟ್ಟಕ್ಕೆ ಹಾಕಿದೆ.

ಬೋರ್ ತೆಗೆಸಿದರೆ ಪಂಪು, ಕೇಬಲ್ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಅಂದರು. ನೀರು ಸಿಗುತ್ತೆ ಅನ್ನೋ ಖಾತ್ರಿ ಯಾರೂ ಕೊಡಲಿಲ್ಲ.

ದಾರಿ ಹೊಳೆದದ್ದು ಅಡುಗೆಮನೆಯಲ್ಲಿ. ನಮ್ಮ ಗೋಬರ್ ಗ್ಯಾಸಿನ ಒಲೆ ಒಂದು ಚಳಿಗಾಲ ಪೂರ್ತಿ ಭುಗ್ ಭುಗ್ ಅಂತ ಕುಣಿಯುತ್ತಿತ್ತು. ಬರ್ನರ್ ತೊಳೆದೆ, ಸಗಣಿ ಜಾಸ್ತಿ ಹಾಕಿದೆ, ಏನೂ ಆಗಲಿಲ್ಲ. ಕಡೆಗೆ ಕೊಟ್ಟಿಗೆಯಿಂದ ಬರುವ ಪೈಪನ್ನೇ ಬಿಚ್ಚಿದೆ. ಮಧ್ಯದಲ್ಲಿ ಒಂದು ಕಡೆ ಜೋತು ಬಿದ್ದಿತ್ತು. ಎತ್ತಿದೆ ನೋಡಿ, ಒಂದು ಚೊಂಬು ನೀರು ಸುರಿಯಿತು. ಗ್ಯಾಸಿನ ಜೊತೆ ಬರುವ ಹಬೆ ತಣ್ಣಗಾಗಿ, ನೀರಾಗಿ, ತಗ್ಗಿನಲ್ಲಿ ಕೂತು ದಾರಿ ಕಟ್ಟಿತ್ತು. ಆ ತಗ್ಗಿಗೆ ಒಂದು ಟಿ (ಮೂರು ಬಾಯಿಯ ಜಾಯಿಂಟ್) ಹಾಕಿ ನೀರು ಬಿಡಲು ನಲ್ಲಿ ಕೊಟ್ಟೆ. ಅವತ್ತಿನಿಂದ ಉರಿ ನೆಟ್ಟಗೆ ನಿಂತಿದೆ. ಆಗ ಅನ್ನಿಸಿತು, ಗ್ಯಾಸಿನ ಪೈಪಿಗೆ ನೀರು ಶತ್ರು, ಅದು ತಗ್ಗಿನಲ್ಲಿ ಸೇರುತ್ತೆ. ನೀರಿನ ಪೈಪಿಗೆ ಗಾಳಿ ಶತ್ರು, ಅದು ಉಬ್ಬಿನಲ್ಲಿ ಸೇರುತ್ತೆ. ಹಾಗಾದರೆ ಹದಿನಾಲ್ಕು ಉಬ್ಬು ಯಾಕೆ? ಒಂದೇ ಉಬ್ಬು ಇಟ್ಟುಕೊಂಡು ಅದನ್ನು ಚೆನ್ನಾಗಿ ನೋಡಿಕೊಂಡರೆ ಆಯಿತಲ್ಲ. ಆ ಒಂದು ಉಬ್ಬು ದಿಬ್ಬವೇ ಆಗಲಿ!

ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಟ್ಯೂಬ್) ಹಿಡಿದು ಅಳೆದೆ. ಅಬ್ಬಿಯ ನೀರಿನ ಮಟ್ಟದಿಂದ ದಿಬ್ಬದ ನೆತ್ತಿ 11 ಅಡಿ ಮೇಲೆ. ನಮ್ಮ ಟ್ಯಾಂಕ್ ಅಬ್ಬಿಗಿಂತ 42 ಅಡಿ ಕೆಳಗೆ. ನೇರ ದಾರಿ 520 ಮೀಟರ್. ಪುಸ್ತಕದ ಲೆಕ್ಕಕ್ಕೆ ಸಮುದ್ರದ ಮಟ್ಟದಲ್ಲಿ ಸೈಫನ್ 34 ಅಡಿ ಹತ್ತುತ್ತೆ. ಘಟ್ಟದ ಮೇಲೆ ಗಾಳಿಯ ಒತ್ತಡ ಕಮ್ಮಿ, ಅಷ್ಟು ಸಿಗಲ್ಲ. ಇಪ್ಪತ್ತರ ಒಳಗಿದ್ದರೆ ಧೈರ್ಯ ಮಾಡಬಹುದು ಅಂತ ನನ್ನ ಅಂದಾಜು. ಹನ್ನೊಂದು ಅಂದರೆ ಏನೂ ಅಲ್ಲ ಅಂದುಕೊಂಡೆ. ಆದರೂ ಅದು ಒಂದು ತಿಂಗಳು ನನ್ನನ್ನು ಸತಾಯಿಸಿತು.

ಈ ಸಲ ಒಂದಿಂಚು, ಅಂದರೆ ಹೊರ ಅಳತೆ 32 ಎಂಎಂ, 6 ಕೆಜಿ ಒತ್ತಡ ತಡೆಯುವ ಪೈಪ್ ತಂದೆ. ಮುಕ್ಕಾಲರಿಂದ ಒಂದಿಂಚಿಗೆ ಹೋದರೆ ನೀರು ಹತ್ತಿರ ಹತ್ತಿರ ಎರಡರಷ್ಟು ಬರುತ್ತೆ, ಇದನ್ನು ಯಾರೂ ಮರೆಯಬೇಡಿ. ಅಬ್ಬಿಯ ತುದಿಗೆ ವಾಲ್ವ್, ಟ್ಯಾಂಕಿನ ತುದಿಗೆ ವಾಲ್ವ್, ನೆತ್ತಿಗೆ ಒಂದು ಟಿ. ಎರಡೂ ತುದಿ ಮುಚ್ಚಿ ನೆತ್ತಿಯಿಂದ ಕೊಡದಲ್ಲಿ ನೀರು ಹೊಯ್ದೆವು. ಇಪ್ಪತ್ತು ಕೊಡ ಹಿಡಿಯಿತು. ಟಿ ಮುಚ್ಚಿ, ಎರಡೂ ವಾಲ್ವ್ ತೆಗೆದಾಗ ಟ್ಯಾಂಕಿನಲ್ಲಿ ನೀರು ಬಿತ್ತು! ಮಗಳು ಅಂಗಳದಿಂದ ಕೂಗಿದ್ದು ದಿಬ್ಬಕ್ಕೆ ಕೇಳಿತು. ನಾಲ್ಕು ಗಂಟೆ ಬಂದು ನಿಂತಿತು. ಮತ್ತೆ ಇಪ್ಪತ್ತು ಕೊಡ. ಆರು ಗಂಟೆ ಬಂತು, ನಿಂತಿತು. ಹೀಗೆ ಎಂಟು ಹತ್ತು ಸಲ ಆಯಿತು.

ಎಲ್ಲೋ ಸೋರುತ್ತಿದೆ ಅಂತ ಹುಡುಕಿದರೆ ಒಂದು ಹನಿಯೂ ಇಲ್ಲ. ಪೈಪ್ ಅಂಗಡಿಯವರನ್ನು ಕೇಳಿದೆ, "ಸೋರದಿದ್ದರೆ ಜಾಯಿಂಟ್ ಸರಿ ಇದೆ" ಅಂದರು. ಅಲ್ಲೇ ತಪ್ಪಿದ್ದು. ಅಬ್ಬಿಯ ಮಟ್ಟಕ್ಕಿಂತ ಮೇಲಿರುವ ಭಾಗದಲ್ಲಿ ಪೈಪ್ ನೀರನ್ನು ಹೊರಕ್ಕೆ ದೂಡಲ್ಲ, ಗಾಳಿಯನ್ನು ಒಳಕ್ಕೆ ಎಳೆಯುತ್ತೆ. ಅಲ್ಲಿ ಜಾಯಿಂಟ್ ಕೆಟ್ಟರೂ ಹೊರಗೆ ಒಣಗಿಯೇ ಇರುತ್ತೆ. ನಾನು ಗದ್ದೆಯ ಜೇಡಿಮಣ್ಣು ಕಲಸಿ, ಬೆಣ್ಣೆಯಷ್ಟು ನುಣ್ಣಗೆ ಮಾಡಿ, ಜಾಯಿಂಟಿನ ಸುತ್ತ ತೆಳ್ಳಗೆ ಮೆತ್ತಿ ಪಕ್ಕದಲ್ಲೇ ಕೂತೆ. ಕಾಲು ಗಂಟೆ ಆಗಿರಬಹುದು. ಮಣ್ಣಿನ ಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳಿ ಬಿತ್ತು. ನೋಡುತ್ತಿದ್ದ ಹಾಗೇ ಗುಳಿ ಆಳವಾಗಿ, ಮಣ್ಣು ಒಳಕ್ಕೆ ಹೋಯಿತು. ಕಿವಿ ಇಟ್ಟರೆ ಸುಯ್ ಅಂತ ಸಣ್ಣ ಸದ್ದು. ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಿಮಗೆ ಮಣ್ಣು ಮೆತ್ತುವ ತಾಳ್ಮೆ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಎರಡೂ ತುದಿ ಮುಚ್ಚಿ, ನೆತ್ತಿಯ ಟಿಗೆ ಹತ್ತು ಅಡಿ ಪೈಪ್ ನೆಟ್ಟಗೆ ನಿಲ್ಲಿಸಿ ನೀರು ತುಂಬಿ. ಆಗ ಅದೇ ಜಾಯಿಂಟ್ ಹನಿ ಹನಿಯಾಗಿ ಅಳುತ್ತೆ.

ಪರಿಹಾರ ಸುಲಭ, ಆದರೆ ದುಬಾರಿ. ದಿಬ್ಬದ ಭಾಗದ ಪೈಪ್ ಪೂರ್ತಿ ತೆಗೆದು, ಅಬ್ಬಿಯಿಂದ ನೆತ್ತಿ ದಾಟಿ ಆಚೆ ಇಳಿಜಾರಿನವರೆಗೆ ತುಂಡು ಮಾಡದ ಒಂದೇ ಸುರುಳಿ ಹಾಕಿದೆ. ಇರುವ ಜಾಯಿಂಟ್ ಒಂದೇ, ನೆತ್ತಿಯ ಟಿ. ಅದನ್ನು ಏನು ಹಚ್ಚಿ ಮುಚ್ಚಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಅದಕ್ಕೆ ಮೂರು ಸಲ ಕೈ ಸುಟ್ಟುಕೊಂಡಿದ್ದೇನೆ. ಮನೆಗೆ ಬಂದರೆ ತೋರಿಸುತ್ತೇನೆ.

ಆದರೂ ನಾಲ್ಕೈದು ದಿನಕ್ಕೊಮ್ಮೆ ನೀರು ಸಣ್ಣಗಾಗುತ್ತಿತ್ತು. ಜಾಯಿಂಟ್ ಸರಿ ಇದ್ದರೂ ನೀರಿನಲ್ಲಿ ಕರಗಿದ ಗಾಳಿ ನೆತ್ತಿಯಲ್ಲಿ ಬಿಟ್ಟುಕೊಳ್ಳುತ್ತೆ. ಬಿಸಿಲಿಗೆ ಪೈಪ್ ಕಾದರಂತೂ ಇನ್ನೂ ಜಾಸ್ತಿ. ಅದಕ್ಕೆ ಪೈಪನ್ನು ಒಂದು ಅಡಿ ಆಳಕ್ಕೆ ಹೂತೆ. ಬೆಂಕಿಯ ಭಯವೂ ಹೋಯಿತು. ಟಿಯ ಮೇಲೆ 110 ಎಂಎಂನ ಎರಡು ಅಡಿ ತುಂಡು ನಿಲ್ಲಿಸಿ ಗಾಳಿ ಡಬ್ಬ ಮಾಡಿದೆ. ಕೆಳಗೊಂದು ವಾಲ್ವ್, ಮೇಲೊಂದು ವಾಲ್ವ್, ಐದು ಲೀಟರ್ ಹಿಡಿಯುತ್ತೆ. ಗುಳ್ಳೆಗಳೆಲ್ಲ ಅದರೊಳಗೆ ಹೋಗಿ ಕೂರುತ್ತವೆ. ವಾರಕ್ಕೊಮ್ಮೆ ಹೋಗಿ ಕೆಳಗಿನದು ಮುಚ್ಚಿ, ಮೇಲಿನದು ತೆಗೆದು ನೀರು ತುಂಬಿ, ಮೇಲಿನದು ಮುಚ್ಚಿ, ಕೆಳಗಿನದು ತೆಗೆಯೋದು. ಸೈಫನ್ ನಿಲ್ಲಿಸಬೇಕಾಗಿಲ್ಲ. ಮೊದಲು ಡಬ್ಬಕ್ಕೆ ತೆಳು ಪೈಪ್ ಹಾಕಿದ್ದೆ, ಬಿಸಿಲಿಗೆ ಮೆತ್ತಗಾಗಿ ಚಪ್ಪಟೆಯಾಯಿತು. ದಪ್ಪದ್ದೇ ಹಾಕಿ.

ಇನ್ನು ಅಬ್ಬಿಯ ಬಾಯಿ. ತರಗೆಲೆ, ಮರಳು, ಎಲ್ಲಕ್ಕಿಂತ ಜಾಸ್ತಿ ಏಡಿ. ಹಿಂದೊಮ್ಮೆ ವಿಜಯಪುರಕ್ಕೆ ಹೋದಾಗ ಆದಿಲ್‌ಶಾಹಿ ಕಾಲದ ಗಂಜ್‌ಗಳನ್ನು, ಅಂದರೆ ನೀರಿನ ಗೋಪುರಗಳನ್ನು ನೋಡಿದ್ದೆ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಾಲಾಬಿನಿಂದ ಊರಿಗೆ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಕೊಳವೆಯ ಸುತ್ತ ಗಾರೆ ಕಟ್ಟಡ. ದಾರಿಯಲ್ಲಿ ಅಲ್ಲಲ್ಲಿ ಈ ಎತ್ತರದ ಗೋಪುರಗಳು. ಒತ್ತಡ ಜಾಸ್ತಿಯಾಗಿ ಕೊಳವೆ ಒಡೆಯಬಾರದು, ಕಸರು ತಳದಲ್ಲಿ ಕೂತು ತಿಳಿ ನೀರು ಮುಂದೆ ಹೋಗಬೇಕು, ಅದಕ್ಕೆ ಕಟ್ಟಿದ್ದು. ಗಂಜ್ ಕೆಳಗೆ ನಿಂತು ಅರ್ಧ ಗಂಟೆ ನೋಡಿದೆ, ಮನೆಯವರು ಬೈದರು. ನಮ್ಮ ಪೈಪಿಗೆ ಒತ್ತಡದ ಚಿಂತೆಯಿಲ್ಲ, ಆದರೆ ಕಸರಿನ ಉಪಾಯ ತೆಗೆದುಕೊಂಡೆ. ಅಬ್ಬಿಯ ನೀರು ಮೊದಲು 200 ಲೀಟರ್ ಡ್ರಮ್ಮಿಗೆ ಬಿದ್ದು, ಮರಳು ಬಿಟ್ಟು, ಆಮೇಲೆ ಪೈಪಿಗೆ ಹೋಗುತ್ತೆ. ಏಡಿಗೆ ಮಾಡಿದ ಉಪಾಯ ನನ್ನದೇ. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದರ ಮಧ್ಯೆ ಇನ್ನೊಂದು ಪ್ರಯೋಗ. ಟ್ಯಾಂಕ್ ತುಂಬಿದ್ದು ಮನೆಯೊಳಗೆ ಗೊತ್ತಾಗಲಿ ಅಂತ ಫ್ಲೋಟ್ ಸ್ವಿಚ್ (ನೀರಿನ ಮೇಲೆ ತೇಲಿ ಆನ್ ಆಗುವ ಸ್ವಿಚ್) ಹಾಕಿ, 12 ವೋಲ್ಟಿನ ಒಂದು ಬಲ್ಬ್‌ಗೆ ವೈರ್ ಎಳೆದೆ. ನಲವತ್ತು ಮೀಟರ್, 25 ಎಂಎಂ ಕಂಡ್ಯೂಟ್ ಪೈಪಿನಲ್ಲಿ, ನೆಲದೊಳಗೆ. ಐದು ಬೆಂಡ್ ಕೊಟ್ಟಿದ್ದೆ, ವೈರ್ ಮೂರನೇ ಬೆಂಡಿಗೇ ಸಿಕ್ಕಿಕೊಂಡಿತು. ಅಗೆದು ಮಧ್ಯ ಎರಡು ಜಂಕ್ಷನ್ ಬಾಕ್ಸ್ ಇಟ್ಟು, ಎರಡು ಬಾಕ್ಸ್ ನಡುವೆ ಎರಡೇ ಬೆಂಡ್ ಬಿಟ್ಟೆ. ವೈರಿಗೆ ಮುಖದ ಪೌಡರ್ ಸವರಿ ಎಳೆದರೆ ಬೆಣ್ಣೆಯ ಹಾಗೆ ಬಂತು. ಜುಲೈ ತಿಂಗಳಲ್ಲಿ ಬಲ್ಬ್ ಸುಮ್ನೆ ಮಿಣಿ ಮಿಣಿ ಉರಿಯಲು ಶುರು. ತೆಗೆದು ನೋಡಿದರೆ ಪೈಪಿನೊಳಗೆ ನೀರು! ಮತ್ತದೇ ಗೋಬರ್ ಗ್ಯಾಸಿನ ಕಥೆ ಅಲ್ವಾ? ಪೈಪಿನ ತಗ್ಗಿನಲ್ಲಿ ಸಣ್ಣ ತೂತು ಕೊರೆದು, ಕೆಳಗೆ ಒಂದು ಬುಟ್ಟಿ ಜಲ್ಲಿ ತುಂಬಿದೆ. ಈಗ ನೀರು ಬಂದರೂ ಬಸಿದು ಹೋಗುತ್ತೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಪೈಪಿಗೆ ಮೀಟರಿಗೆ ಐವತ್ತರ ಹತ್ತಿರ, ಒಟ್ಟು 26,000. ದಿಬ್ಬಕ್ಕೆ ಎರಡನೇ ಸಲ ತಂದ ಸುರುಳಿಗೆ ಇನ್ನೊಂದು ಐದು ಸಾವಿರ. ಜೆಸಿಬಿ ಹೋಗದ ಜಾಗ, ಚರಂಡಿ ಕೈಯಲ್ಲೇ ತೋಡಿದ್ದು. ಹದಿನೆಂಟು ಇಪ್ಪತ್ತು ಆಳು, ಹನ್ನೊಂದು ಹನ್ನೆರಡು ಸಾವಿರ. ವಾಲ್ವ್, ಡ್ರಮ್, ಸಣ್ಣಪುಟ್ಟದ್ದು ನಾಲ್ಕು ಸಾವಿರ. ಮೊದಲು ಸುಟ್ಟು ಹೋದ ದುಡ್ಡು ಸೇರಿಸಿದರೂ ಬೋರಿನ ಖರ್ಚಿನ ಮೂರನೇ ಒಂದು ಭಾಗ.

ಜನವರಿಯಲ್ಲಿ ನಿಮಿಷಕ್ಕೆ 18 ಲೀಟರ್ ಬರುತ್ತೆ, ಬಕೆಟ್ ಇಟ್ಟು ಅಳೆದದ್ದು. ದಿನಕ್ಕೆ ಇಪ್ಪತ್ತೈದು ಸಾವಿರ ಲೀಟರಿನ ಮೇಲೆ. ಏಪ್ರಿಲ್‌ನಲ್ಲಿ ಅಬ್ಬಿಯೇ ನಿಮಿಷಕ್ಕೆ ಹತ್ತು ಲೀಟರಿಗೆ ಇಳಿಯುತ್ತೆ. ಆಗ ಟ್ಯಾಂಕಿನ ತುದಿಯ ವಾಲ್ವ್ ಸ್ವಲ್ಪ ಮುಚ್ಚಿ ನೀರು ಕಮ್ಮಿ ಮಾಡಬೇಕು. ಇಲ್ಲದಿದ್ದರೆ ಡ್ರಮ್ ಬರಿದಾಗಿ ಪೈಪ್ ಗಾಳಿ ಕುಡಿಯುತ್ತೆ, ಮತ್ತೆ ಇಪ್ಪತ್ತು ಕೊಡ ಹೊರಬೇಕು. ನೀರು ನಿಧಾನವಾದರೆ ಗುಳ್ಳೆ ಕೊಚ್ಚಿಕೊಂಡು ಹೋಗಲ್ಲ, ಆದ್ದರಿಂದ ಆ ತಿಂಗಳು ಗಾಳಿ ಡಬ್ಬವನ್ನು ಮೂರು ದಿನಕ್ಕೊಮ್ಮೆ ತುಂಬುತ್ತೇನೆ. ಡ್ರಮ್ಮಿನಲ್ಲಿ ನೀರು ಯಾವಾಗಲೂ ಪೈಪಿನ ಬಾಯಿಗಿಂತ ಒಂದು ಗೇಣು ಮೇಲಿರಬೇಕು, ನಾನು ಒಳಗೆ ಸುಣ್ಣದಲ್ಲಿ ಗೆರೆ ಎಳೆದಿದ್ದೇನೆ.

ಭಾವನ ತೋಟದ ದಿಬ್ಬ 16 ಅಡಿ ಇದೆ. ಹೋದ ಭಾನುವಾರ ಟ್ಯೂಬ್ ಲೆವೆಲ್ ಹಿಡಿದು ಇಬ್ಬರೂ ಅಳೆದೆವು. ನೂರು ಮೀಟರಿನ ಸುರುಳಿ ಸಾಲದು, ನೆತ್ತಿ ದಾಟುವ ಮೊದಲೇ ಮುಗಿಯುತ್ತೆ. ಇನ್ನೂರರದ್ದು ತರಿಸಲು ಹೇಳಿದ್ದೇನೆ. ಮಳೆ ಹಿಡಿಯುವ ಮೊದಲು ಚರಂಡಿ ತೋಡಿ ಮುಗಿಸಬೇಕು.