ಆಟೋಕ್ಯಾಡ್, ರೆವಿಟ್ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಮೈಸೂರು, ಮಂಡ್ಯದಲ್ಲಿ ಸಿವಿಲ್ ಓದುತ್ತಿರುವ ತಮ್ಮ ತಂಗಿಯರೇ, ಮೊದಲು ಆಟೋಕ್ಯಾಡ್, ರೆವಿಟ್ ಎಂಬ ಕಟ್ಟಡದ ಡ್ರಾಯಿಂಗ್ ಸಾಫ್ಟ್‌ವೇರ್ ಮಾಡುವ ಕಂಪನಿ ಆಟೋಡೆಸ್ಕ್‌ನ ವಿದ್ಯಾರ್ಥಿ ಲೈಸೆನ್ಸ್‌ಗೆ ಅರ್ಜಿ ಹಾಕಿ. ಕಾಲೇಜಿನ ದಾಖಲೆ ಸರಿಯಿದ್ದರೆ ಆಟೋಕ್ಯಾಡ್, ರೆವಿಟ್ ಎರಡೂ 1 ವರ್ಷ ಉಚಿತ. ಓದು ಮುಗಿಯುವವರೆಗೆ ವರ್ಷ ವರ್ಷ ಮುಂದುವರಿಸಬಹುದು. ಕಲಿಯುವುದಕ್ಕೆ ಮಾತ್ರ, ಸಂಪಾದನೆಯ ಕೆಲಸಕ್ಕಲ್ಲ. ಕ್ರ್ಯಾಕ್ ಮಾಡಿದ ಕಾಪಿ ಬೇಡವೇ ಬೇಡ.

ಯಾವುದು ಮೊದಲು? ನನ್ನ ಪ್ರಕಾರ ಆಟೋಕ್ಯಾಡ್. ಅದರಲ್ಲಿ ಗೋಡೆ ಅಂದರೆ ಬರೀ ಗೆರೆ. ದಪ್ಪ, ಅಳತೆ, ಸ್ಕೇಲ್ ಎಲ್ಲಾ ನೀವೇ ಯೋಚಿಸಬೇಕು, ಹಾಗಾಗಿ ಡ್ರಾಯಿಂಗ್ ಓದುವುದು ಚೆನ್ನಾಗಿ ಬರುತ್ತದೆ. ರೆವಿಟ್‌ನಲ್ಲಿ ಗೋಡೆಯನ್ನೇ ಇಡುತ್ತೀರಿ. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಹೊರಗಿನ ಮುಖ ತೋರಿಸುವ ಎಲಿವೇಶನ್, ಕಟ್ಟಡ ಸೀಳಿ ತೋರಿಸುವ ಸೆಕ್ಷನ್‌ನಲ್ಲೂ ತಾನೇ ಸರಿಯುತ್ತದೆ. ಬೇಸಿಕ್ ಗೊತ್ತಿಲ್ಲದಿದ್ದರೆ ತಪ್ಪು ಕೂಡ ಹಾಗೇ ಎಲ್ಲಾ ಕಡೆ ಹೋಗುತ್ತದೆ ಅಲ್ವಾ?

ಕಮಾಂಡ್‌ಗಳನ್ನು ಯೂಟ್ಯೂಬ್ ನೋಡಿಯೇ ಕಲಿಯಬಹುದು. ಅದಕ್ಕೆ ಸುಮ್ನೆ ಫೀಸು ಕಟ್ಟಬೇಡಿ. ಕ್ಲಾಸಿಗೆ ಸೇರುವುದಾದರೆ ಒಂದೇ ಮಾತು ಕೇಳಿ: 30x40 ಅಡಿ ಸೈಟಿನ ಮನೆಯೊಂದನ್ನು, ಸುತ್ತ ಬಿಡಬೇಕಾದ ಜಾಗ ಅಂದರೆ ಸೆಟ್‌ಬ್ಯಾಕ್‌ನಿಂದ ಪ್ರಿಂಟ್ ಶೀಟ್‌ವರೆಗೆ ನನ್ನ ಕೈಲೇ ಮಾಡಿಸಿ, ತಿದ್ದಿ ಕೊಡ್ತೀರಾ?

ಲ್ಯಾಪ್‌ಟಾಪ್ ತಗೊಳ್ಳುವವರು ಗಮನಿಸಿ, ರೆವಿಟ್ ವಿಂಡೋಸ್‌ಗೆ ಮಾತ್ರ. ಇಂಟರ್ನ್‌ಶಿಪ್‌ಗೆ ಹೋಗುವ ಆಫೀಸಿನ ವರ್ಷನ್ ಕೂಡ ಕೇಳಿಕೊಳ್ಳಿ. ಹೊಸ ರೆವಿಟ್‌ನಲ್ಲಿ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ.