ಕರಕುಶಲ ಸಂಘಕ್ಕೆ ಸ್ವಯಂಸೇವಕರಾಗಿ ಹೊರಡುವುದು ಹೇಗೆ?

ಗ್ವಾಟೆಮಾಲಾದ ಬೆಟ್ಟದೂರುಗಳಲ್ಲಿ ಮಾಯಾ ಹೆಂಗಸರು ಸೊಂಟದ ಮಗ್ಗದಲ್ಲಿ ನೇಯುತ್ತಾರೆ. ಮಗ್ಗದ ಒಂದು ತುದಿಯನ್ನು ಮರಕ್ಕೋ ಕಂಬಕ್ಕೋ ಕಟ್ಟಿರುತ್ತಾರೆ. ಇನ್ನೊಂದು ತುದಿಯ ಪಟ್ಟಿ ನೇಯುವಾಕೆಯ ಸೊಂಟಕ್ಕೆ ಸುತ್ತಿರುತ್ತದೆ. ಆಕೆ ಹಿಂದಕ್ಕೆ ವಾಲಿದರೆ ಹಾಸಿನ ನೂಲು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ದೂರದಿಂದ ಯಾರೋ ಬಂದರು ಅಂತ ಆಕೆ ಎದ್ದು ನಿಂತರೆ ಕೆಲಸ ಅಲ್ಲಿಗೇ ನಿಂತಿತು.

ಬೇರೆ ದೇಶದ ಕರಕುಶಲ ಸಂಘಕ್ಕೆ ಫೇರ್ ಟ್ರೇಡ್ (ದುಡಿದವರಿಗೆ ನ್ಯಾಯವಾದ ಬೆಲೆ ಸಿಗುವ ವ್ಯಾಪಾರ) ಸ್ವಯಂಸೇವಕರಾಗಿ ಹೋಗಬೇಕು ಅನ್ನುವವರು ಮೊದಲು ನೆನಪಿಡಬೇಕಾದದ್ದು ಇದನ್ನೇ. ನಾವು ಹೋದರೆ ಅವರ ದುಡಿಮೆಯ ಹೊತ್ತು ಖರ್ಚಾಗುತ್ತದೆ. ಆ ಖರ್ಚಿಗಿಂತ ಜಾಸ್ತಿ ಉಪಯೋಗ ನಮ್ಮಿಂದ ಆಗುವ ಹಾಗೆ ಹೊರಡಬೇಕು. ಅದು ಆಗುವ ಕೆಲಸವೇ. ಆದರೆ ಅದರ ದೊಡ್ಡ ಪಾಲು ನಡೆಯುವುದು ಊರಿಗೆ ವಾಪಸ್ ಬಂದ ಮೇಲೆ.

ಫೇರ್ ಟ್ರೇಡ್ ಶುರುವಾಗಿದ್ದೂ ಹಾಗೇ. 1946ರಲ್ಲಿ ಅಮೆರಿಕದ ಎಡ್ನಾ ರೂತ್ ಬೈಲರ್ ಪೋರ್ಟೊ ರಿಕೊಗೆ ಹೋಗಿದ್ದರು. ಅಲ್ಲಿ ಕಸೂತಿ ಮಾಡುವ ಬಡ ಹೆಂಗಸರನ್ನು ಕಂಡರು. ಕೆಲಸ ಚೆನ್ನಾಗಿತ್ತು, ಕೊಳ್ಳುವವರಿರಲಿಲ್ಲ. ಬೈಲರ್ ಆ ಬಟ್ಟೆಗಳನ್ನು ಮನೆಗೆ ತಂದು, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಮಾರಿದರು. ವರ್ಷಗಟ್ಟಲೆ ಮಾರಿದರು. ಮುಂದೆ ಅದೇ ಟೆನ್ ಥೌಸಂಡ್ ವಿಲೇಜಸ್ ಎಂಬ ದೊಡ್ಡ ಸಂಸ್ಥೆಯಾಯಿತು.

ಸಂಘವನ್ನು ಹುಡುಕುವುದು

ಕಾಫಿ, ಕೋಕೋ, ಬಾಳೆಹಣ್ಣಿನ ಮೇಲೆ ಕಾಣುವ ಫೇರ್‌ಟ್ರೇಡ್ ಮುದ್ರೆ ಹೆಚ್ಚಾಗಿ ಬೆಳೆಗಳಿಗೆ ಸಂಬಂಧಿಸಿದ್ದು. ಕರಕುಶಲ ಸಂಘಗಳನ್ನು ಹುಡುಕುವವರು ವರ್ಲ್ಡ್ ಫೇರ್ ಟ್ರೇಡ್ ಆರ್ಗನೈಸೇಷನ್ನಿನ ಸದಸ್ಯರ ಪಟ್ಟಿಯಿಂದ ಶುರು ಮಾಡಬೇಕು. 1989ರಲ್ಲಿ ಹುಟ್ಟಿದ ಈ ಒಕ್ಕೂಟ ಒಂದೊಂದು ವಸ್ತುವನ್ನಲ್ಲ, ಇಡೀ ಸಂಸ್ಥೆಯ ನಡವಳಿಕೆಯನ್ನೇ 10 ತತ್ವಗಳ ಮೇಲೆ ಪರಿಶೀಲಿಸುತ್ತದೆ. ಅವುಗಳಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಮುಂಗಡದ ಮಾತು. ಕುಶಲಕರ್ಮಿಗಳು ಕೇಳಿದರೆ ಖರೀದಿದಾರರು ಆರ್ಡರಿನ ಕನಿಷ್ಠ ಶೇ 50ರಷ್ಟು ಹಣವನ್ನು ಬಡ್ಡಿಯಿಲ್ಲದೆ ಮೊದಲೇ ಕೊಡಬೇಕು. ನೂಲು, ಬಣ್ಣಕ್ಕೆ ಸಾಲ ಮಾಡುವ ಕಷ್ಟ ಇದರಿಂದ ತಪ್ಪುತ್ತದೆ.

ಕಲಿಸುವುದನ್ನೂ ಮಾಡುವ ಒಳ್ಳೆಯ ಸಂಘಗಳೂ ಇವೆ. ಗ್ವಾಟೆಮಾಲಾದ ಕೆತ್ಸಾಲ್ತೆನಾಂಗೊದಲ್ಲಿ 1988ರಿಂದ ನಡೆಯುತ್ತಿರುವ ತ್ರಾಮಾ ಟೆಕ್ಸ್‌ಟೈಲ್ಸ್ ಅಂಥದ್ದು. ನೇಕಾರ ಹೆಂಗಸರೇ ಕಟ್ಟಿಕೊಂಡ ಈ ಸಂಘ ಹೊರಗಿನವರಿಗೆ ನೇಯ್ಗೆ ಕಲಿಸಿ ಅದರಿಂದಲೂ ಸಂಪಾದಿಸುತ್ತದೆ. ಕಲಿಯುವವರಾಗಿ ಹೋಗಿ ಶುಲ್ಕ ಕೊಟ್ಟರೆ ಅವರ ಹೊತ್ತಿಗೂ ಬೆಲೆ ಸಿಕ್ಕಿತು. ಬಹಳ ಜನರಿಗೆ ಇದೇ ಸರಿಯಾದ ದಾರಿ ಅಂತ ನನ್ನ ಅನಿಸಿಕೆ.

ಯಾವುದೇ ಸಂಘವಿರಲಿ, ಕೆಲವು ಪ್ರಶ್ನೆ ಕೇಳಿ. ಪದಾಧಿಕಾರಿಗಳನ್ನು ಸದಸ್ಯರೇ ಆರಿಸುತ್ತಾರಾ? ಲಾಭ ಹೇಗೆ ಹಂಚಿಕೆಯಾಗುತ್ತದೆ? ಸ್ವಯಂಸೇವಕರು ಕಟ್ಟುವ ಹಣದಲ್ಲಿ ಎಷ್ಟು ಸಂಘಕ್ಕೆ ಹೋಗುತ್ತದೆ? ಮಧ್ಯೆ ಏಜೆನ್ಸಿ ಇದ್ದರೆ ಈ ಕೊನೆಯ ಪ್ರಶ್ನೆಗೆ ಲಿಖಿತ ಉತ್ತರವೇ ಬೇಕು. ಸಂಘದ ಭೇಟಿಯ ಜೊತೆಗೆ ಅನಾಥಾಶ್ರಮವನ್ನೂ ತೋರಿಸುತ್ತೇವೆ ಅನ್ನುವವರ ಸಹವಾಸವೇ ಬೇಡ. ಮಕ್ಕಳು ಪ್ರವಾಸಿಗರು ನೋಡುವ ವಸ್ತುಗಳಲ್ಲ.

ಪತ್ರ ಬರೆಯುವುದು

ಪತ್ರ ಚಿಕ್ಕದಾಗಿರಲಿ. ನಿಮಗೆ ಏನು ಬರುತ್ತದೆ ಅಂತ ನಿಖರವಾಗಿ ಬರೆಯಿರಿ. ಫೋಟೊ ತೆಗೆಯಲು, ಲೆಕ್ಕಪತ್ರ ಇಡಲು, ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಪತ್ರ ಅನುವಾದಿಸಲು ಬರುತ್ತದೆ ಅಂದರೆ ಅವರಿಗೆ ಅಂದಾಜು ಸಿಗುತ್ತದೆ. ‘ಏನು ಬೇಕಾದರೂ ಮಾಡುತ್ತೇನೆ’ ಅಂದರೆ ಕೆಲಸ ಹುಡುಕಿಕೊಡುವ ಹೊರೆ ಅವರ ಮೇಲೆ ಬಿತ್ತು ಅಲ್ವಾ? ಯಾವ ತಿಂಗಳು ಬಂದರೆ ಅನುಕೂಲ ಅಂತಲೂ ಕೇಳಿ. ಕ್ರಿಸ್‌ಮಸ್ ಮಾರಾಟದ ಸರಕು ಅದಕ್ಕೂ ಎಷ್ಟೋ ತಿಂಗಳು ಮೊದಲೇ ಹಡಗು ಹತ್ತಬೇಕು. ಆ ಗಡಿಬಿಡಿಯಲ್ಲಿ ಅತಿಥಿಯನ್ನು ನೋಡಿಕೊಳ್ಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬಿತ್ತನೆ, ಕೊಯ್ಲಿನ ಹೊತ್ತಲ್ಲೂ ಹಾಗೇ, ಕುಶಲಕರ್ಮಿಗಳಲ್ಲಿ ಬಹಳ ಮಂದಿ ರೈತರೂ ಹೌದು.

‘ಈಗ ಬೇಡ’ ಅಂತ ಉತ್ತರ ಬಂದರೆ ಒಪ್ಪಿಕೊಳ್ಳಿ. ಬೇಡ ಅನ್ನುವಷ್ಟು ಗಟ್ಟಿಯಾಗಿರುವ ಸಂಘದ ವಸ್ತುಗಳನ್ನು ಇಲ್ಲಿಂದಲೇ ಮಾರಿಕೊಡಬಹುದು.

ವೀಸಾ, ಲಸಿಕೆ, ವಿಮೆ

ಕೂಲಿ ಇಲ್ಲದ ಕೆಲಸಕ್ಕೆ ಪ್ರವಾಸಿ ವೀಸಾ ಸಾಕು ಅಂತ ಸುಮ್ನೆ ಅಂದುಕೊಳ್ಳಬೇಡಿ. ನೇಪಾಳದಲ್ಲಿ ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆ ಮಾಡುವಂತಿಲ್ಲ. ಹೋಗುವ ದೇಶದ ರಾಯಭಾರ ಕಚೇರಿಗೇ ಬರೆದು ಕೇಳಿ. ನಿಯಮ ಮುರಿದರೆ ತೊಂದರೆ ನಿಮಗಷ್ಟೇ ಅಲ್ಲ, ನಿಮ್ಮನ್ನು ಕರೆಸಿಕೊಂಡ ಸಂಘಕ್ಕೂ ಆಗಬಹುದು. ಬುಟ್ಟಿ ಹೆಣಿಗೆಗೆ ಹೆಸರಾದ ಬೋಲ್ಗಟಾಂಗಾಕ್ಕೆ ಹೋಗುವುದಿದ್ದರೆ, ಘಾನಾ ದೇಶ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಅದು ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ. ಚಾಕು, ಕತ್ತರಿ, ಉಳಿಗಳ ನಡುವೆ ಇರುತ್ತೀರಿ, ಧನುರ್ವಾಯು ಲಸಿಕೆಯೂ ಆಗಿರಲಿ. ಪ್ರಯಾಣ ವಿಮೆ ಇಲ್ಲದೆ ಹೊರಡಲೇಬೇಡಿ.

ಅಲ್ಲಿಗೆ ಹೋದ ಮೇಲೆ

ಮೊದಲ ವಾರ ಸಲಹೆ ಕೊಡಬೇಡಿ. ಕೂತು ನೋಡಿ. ಎಳೆ ಸುತ್ತುವುದು, ಬುಟ್ಟಿಯ ಹುಲ್ಲು ನೆನೆಸುವುದು, ಸರಕನ್ನು ಡಬ್ಬಕ್ಕೆ ತುಂಬುವುದು, ಇಂಥ ಕೆಲಸ ಕೊಟ್ಟರೆ ಮಾಡಿ. ಕಲಿಸುವವರಿಗೆ ಅವರ ದಿನಗೂಲಿಯಷ್ಟಾದರೂ ಕೊಡಿ. ಅದನ್ನು ಸಂಘದ ಮೂಲಕವೇ ಕೊಡಿ. ನಿಮ್ಮನ್ನು ಕಂಡು ಖುಷಿಪಟ್ಟ ಒಬ್ಬರಿಗೆ ಗುಟ್ಟಾಗಿ ದುಡ್ಡು ಕೊಟ್ಟು ಬಂದರೆ ನೀವು ಹೊರಟ ಮೇಲೆ ಸದಸ್ಯರ ನಡುವೆ ಮನಸ್ತಾಪ ಉಳಿಯುತ್ತದೆ.

ಹೊರಗಿನವರಿಂದ ನಿಜಕ್ಕೂ ಆಗುವ ಒಂದು ಉಪಕಾರವೆಂದರೆ ಬೆಲೆ ಲೆಕ್ಕ ಹಾಕಲು ಜೊತೆಗೂಡುವುದು. ಬಹಳ ಕಡೆ ವಸ್ತುವಿನ ಬೆಲೆಯನ್ನು ಪಕ್ಕದ ಅಂಗಡಿಯ ಬೆಲೆ ನೋಡಿಯೇ ಇಡುತ್ತಾರೆ. ಎಷ್ಟು ಗಂಟೆ ದುಡಿದೆವು ಅಂತ ಯಾರೂ ಬರೆದಿಡುವುದಿಲ್ಲ. ಪೆರುವಿನ ಚಿಂಚೆರೋ ಕಡೆಯ ನೇಕಾರರ ಕೆಂಪು ಬಣ್ಣವನ್ನೇ ತೆಗೆದುಕೊಳ್ಳಿ. ಅದು ಕೊಚಿನೀಲ್ ಎಂಬ ಹುಳುವಿನಿಂದ ಬರುತ್ತದೆ. ಈ ಹುಳು ಪಾಪಾಸುಕಳ್ಳಿಯ ಮೇಲೆ ಬದುಕುತ್ತದೆ. ಹುಳುಗಳನ್ನು ಕೆರೆದು ತೆಗೆದು, ಒಣಗಿಸಿ, ಅರೆದು ಪುಡಿ ಮಾಡಬೇಕು. ನೀರು ಕಾಯಿಸಬೇಕು. ಬಣ್ಣ ಹಿಡಿಯಲು ಪಟಿಕ ಬೇಕು. ನಿಂಬೆಹುಳಿ ಬಿದ್ದರೆ ಕೆಂಪು ಕಿತ್ತಳೆಯತ್ತ ತಿರುಗುತ್ತದೆ. ಆಮೇಲೆ ನೂಲನ್ನು ತೊಳೆದು, ಒಣಗಿಸಿ, ಉಂಡೆ ಸುತ್ತಬೇಕು. ಇಷ್ಟಾದರೂ ನೇಯ್ಗೆ ಇನ್ನೂ ಶುರುವಾಗಿಲ್ಲ! ಬೆಲೆ ಕೇಳಿದಾಗ ಇವೆಲ್ಲ ಬಿಟ್ಟುಹೋಗಿ ನೇಯ್ದ ದಿನಗಳಷ್ಟೇ ನೆನಪಾಗುವುದು ಸಹಜ.

ಹೀಗೆ ಮಾಡಿ. ಒಂದೇ ವಸ್ತುವನ್ನು ಮಾಡುವ ಮೂವರನ್ನು ಕೇಳಿ. ಕೈ ಚುರುಕಿನವರು, ಸಾಧಾರಣದವರು, ಹೊಸಬರು ಹೀಗಿರಲಿ. ಅವರು ಒಪ್ಪಿದರೆ ಒಂದು ಹಾಳೆಯಲ್ಲಿ ಪ್ರತಿ ಹಂತದ ಎದುರು ಹೊತ್ತನ್ನು ಬರೆಯುತ್ತಾ ಹೋಗಿ. ಓದಲು ಬಾರದವರಿದ್ದರೆ ಪ್ರತಿ ಹಂತಕ್ಕೂ ಚಿತ್ರ ಬರೆದು, ಅರ್ಧ ಗಂಟೆಗೆ ಒಂದು ಗೆರೆ ಎಳೆಯಲಿ. ಸೌದೆ, ನೂಲು, ಪೇಟೆಗೆ ಹೋಗಿಬರುವ ಬಸ್ಸಿನ ಖರ್ಚು, ಕೆಟ್ಟುಹೋದ ತುಂಡು ಎಲ್ಲವೂ ಸೇರಲಿ. ಕೊನೆಗೆ ಒಟ್ಟು ಗಂಟೆಗಳನ್ನು ಆ ಊರಿನ ನ್ಯಾಯವಾದ ಗಂಟೆಯ ಕೂಲಿಯಿಂದ ಗುಣಿಸಿ, ಈ ಖರ್ಚುಗಳನ್ನು ಕೂಡಿಸಿ. ಬಂದ ಅಂಕಿಯನ್ನು ಸಭೆಯಲ್ಲಿ ಇಡುವುದಷ್ಟೇ ನಿಮ್ಮ ಕೆಲಸ, ಬೆಲೆ ಎಷ್ಟು ಅಂತ ನಿರ್ಧರಿಸುವವರು ಅವರು.

ಒಂದು ತಪ್ಪು ನನ್ನಿಂದಲೂ ಆಗಿದೆ. ಒಂದು ಸಂಘಕ್ಕೆ ಚೆಂದದ ಕ್ಯಾಟಲಾಗ್ ಮಾಡಿಕೊಟ್ಟಿದ್ದೆ. ಮಾಡಿದ್ದು ನನ್ನ ಲ್ಯಾಪ್‌ಟಾಪಿನಲ್ಲಿದ್ದ ದುಬಾರಿ ಸಾಫ್ಟ್‌ವೇರಿನಲ್ಲಿ. ನಾನು ಹೊರಟ ಮೇಲೆ ಬೆಲೆ ಬದಲಾಯಿತು, ಅದನ್ನು ತಿದ್ದಲು ಅಲ್ಲಿ ಯಾರಿಗೂ ಆಗಲಿಲ್ಲ. ಮೂರು ವಾರದ ಕೆಲಸ ವ್ಯರ್ಥವಾಯಿತು. ಅವರು ನನಗೆ ಊಟ ಹಾಕಿದ್ದರು, ಜಾಗ ಕೊಟ್ಟಿದ್ದರು. ಅದು ಈಗಲೂ ನನ್ನನ್ನು ಕಾಡುತ್ತದೆ. ಅವರ ಫೋನಿನಲ್ಲಿ ಏನು ನಡೆಯುತ್ತದೋ ಅದರಲ್ಲೇ, ಅವರ ಭಾಷೆಯಲ್ಲೇ ಮಾಡಿ. ಸಂಘದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಿಂದಲೇ ಮಾಡಿಸಿ.

ಕೆಲಸದ ಜಾಗದ ಸುರಕ್ಷತೆಯೂ ಫೇರ್ ಟ್ರೇಡಿನ ಭಾಗವೇ. ಕೀನ್ಯಾದ ಟಬಾಕಾದಲ್ಲಿ ಬಳಪದ ಕಲ್ಲು ಕೆತ್ತುತ್ತಾರೆ. ಕಲ್ಲು ಮೆತ್ತಗಿದ್ದರೂ ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇಂಥ ಕಡೆ ಉಡುಗೊರೆ ಒಯ್ಯುವುದಾದರೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಒಯ್ಯಬಹುದು, ಮೊದಲು ಕೇಳಿಕೊಂಡು.

ಫೋಟೊ ಮತ್ತು ವಿನ್ಯಾಸ

ಮುಖದ ಫೋಟೊಗೆ ಅನುಮತಿ ಕೇಳಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಬಟ್ಟೆಯ ಚಿತ್ತಾರಕ್ಕೂ ಕೇಳಬೇಕು. ತಲೆಮಾರುಗಳಿಂದ ಬಂದ ತಮ್ಮ ವಿನ್ಯಾಸಗಳನ್ನು ಕಂಪನಿಗಳು ಬಳಸಿಕೊಳ್ಳುತ್ತಿವೆ ಅಂತ 2016ರಲ್ಲಿ ಗ್ವಾಟೆಮಾಲಾದ ಮಾಯಾ ನೇಕಾರ ಹೆಂಗಸರು ದೇಶದ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದರು. ನೀವು ಪ್ರೀತಿಯಿಂದ ಹಾಕಿದ ಹತ್ತಿರದ ಫೋಟೊ ಒಂದೇ ಸಾಕು, ಯಂತ್ರದಲ್ಲಿ ಅದೇ ಚಿತ್ತಾರ ಅಚ್ಚಾಗಿ ಬರಲು. ಎಲ್ಲಿ ಹಾಕುತ್ತೀರಿ, ಹೆಸರು ಬೇಕೋ ಬೇಡವೋ ಅಂತ ಸಂಘವನ್ನು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.

ವಾಪಸ್ ಬಂದ ಮೇಲೆ

ಹೊರಡುವ ಮುನ್ನ ಸಂಘದ ಅಂಗಡಿಯಿಂದ ಮಾದರಿಗೆ ಕೆಲವು ವಸ್ತು ಕೊಳ್ಳಿ. ಚೌಕಾಸಿ ಬೇಡ. ಊರಿಗೆ ಬಂದು ಅವನ್ನು ಅಂಗಡಿಯವರಿಗೆ ತೋರಿಸಿ. ಗೋಡೆಗೆ ತೂಗುಹಾಕುವುದು ಒಂದು ಸಾಕು, ಉಳಿದವು ಆರ್ಡರ್ ತರಬೇಕು. ಮೇ ತಿಂಗಳ ಎರಡನೇ ಶನಿವಾರ ವಿಶ್ವ ಫೇರ್ ಟ್ರೇಡ್ ದಿನ, ಮೊದಲ ಮಾರಾಟಕ್ಕೆ ಒಳ್ಳೆಯ ನೆಪ. ಆರ್ಡರ್ ಚಿಕ್ಕದೇ ಇರಲಿ. 20 ಬುಟ್ಟಿ, 15 ಚೀಲ. ಅರ್ಧ ಹಣ ಮೊದಲೇ ಕಳಿಸಿ. ಸರಕು ಬಂದಾಗ ಯಾವುದು ಬೇಗ ಹೋಯಿತು, ಯಾವುದರ ಹೊಲಿಗೆ ಬಿಚ್ಚಿತು, ಕೊಂಡವರು ಏನಂದರು ಅಂತ ಉಳಿದ ಹಣದ ಜೊತೆಗೇ ಬರೆದು ಕಳಿಸಿ. ಮುಂದಿನ ಆರ್ಡರ್ ಯಾವ ತಿಂಗಳು ಅನ್ನುವುದನ್ನೂ ಅದರಲ್ಲೇ ತಿಳಿಸಿ, ನೂಲು ಕೊಳ್ಳಲು ಅವರಿಗೆ ಹೊತ್ತು ಸಿಗಲಿ.